ಬರೀ ಗಾಡಿ ನಿಲ್ಲಿಸೋದಕ್ಕೆ ರಾತ್ರಿಗೆ 1,800 ರೂಪಾಯಿ ಕೊಡಬೇಕಾ?

ಪ್ರಶ್ನೆ: ನಾನು ತುಮಕೂರಿನ ನಿವೃತ್ತ ಶಿಕ್ಷಕಿ. ಹೋದ ವರ್ಷ ನಾವು ಒಂದು ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ತಗೊಂಡೆವು. ಟ್ರಾವೆಲರ್ ವ್ಯಾನನ್ನೇ ಮನೆ ಮಾಡಿದ್ದು, ಏಳು ಮೀಟರ್ ಉದ್ದ. 100 ಲೀಟರ್ ನೀರಿನ ಟ್ಯಾಂಕ್, ಕ್ಯಾಸೆಟ್ ಟಾಯ್ಲೆಟ್ (ಕೆಳಗಿನ ಡಬ್ಬ ಹೊರತೆಗೆದು ಖಾಲಿ ಮಾಡುವಂಥದ್ದು), ಮೇಲೆ 400 ವ್ಯಾಟ್ ಸೋಲಾರ್, 200 ಎ.ಎಚ್. ಲಿಥಿಯಂ ಬ್ಯಾಟರಿ, ಚಿಕ್ಕ ಎ.ಸಿ. ಎಲ್ಲ ಇದೆ. ಡಿಸೆಂಬರ್ ಕೊನೆಯ ವಾರ ಎಂಟು ವರ್ಷದ ಮೊಮ್ಮಗನನ್ನು ಕರ್ಕೊಂಡು ಎಂಟು ರಾತ್ರಿ ಕೊಡಗಿನಲ್ಲಿ ಇರೋಣ ಅಂತ ಆಸೆ. ಮೂರು ಕಡೆ ಫೋನ್ ಮಾಡಿದೆವು. ಸುಂಟಿಕೊಪ್ಪದ ಹತ್ತಿರ ಒಂದು ತೋಟದ ಹೋಂಸ್ಟೇಯವರು ರಾತ್ರಿಗೆ 1,800 ಕೇಳಿದರು, ಕರೆಂಟು ಮತ್ತು ಬಾತ್‌ರೂಮ್ ಸೇರಿ. ಕುಶಾಲನಗರದ ಒಂದು ಲಾಡ್ಜಿನವರು ಪಾರ್ಕಿಂಗ್ ಜಾಗಕ್ಕೆ 500 ಅಂದರು. ಮಡಿಕೇರಿ ಹತ್ತಿರದ ಒಂದು ರೆಸಾರ್ಟ್ 3,500, ತಿಂಡಿ ಸೇರಿ. ಮಲಗೋದು ನಮ್ಮ ಹಾಸಿಗೆ, ಅಡುಗೆ ನಮ್ಮ ಒಲೆ. ಬರೀ ಜಾಗಕ್ಕೆ ಇಷ್ಟು ದುಡ್ಡು ಯಾಕೆ? ಜರ್ಮನಿಯಲ್ಲಿರುವ ಮಗ ಅಲ್ಲಿ 12 ಯೂರೋಗೆ ಸಿಗುತ್ತೆ ಅಂತಾನೆ. ಯಜಮಾನರು ಮಾಂದಲಪಟ್ಟಿ ಬೆಟ್ಟದ ದಾರಿಯಲ್ಲಿ ಎಲ್ಲಾದರೂ ಪುಕ್ಕಟೆ ನಿಲ್ಲಿಸೋಣ ಅಂತಾರೆ. ಏನು ಮಾಡೋದು?

ಉತ್ತರ: ಮೇಡಂ, ಮನೆಯನ್ನೇ ಜೊತೆಗೆ ತಗೊಂಡು ಬಂದ ಮೇಲೂ ಬಾಡಿಗೆ ಯಾಕೆ ಅನ್ನೋದು ನಿಮ್ಮ ಪ್ರಶ್ನೆ. ಅದರ ಹಿಂದೆ ಇನ್ನೊಂದು ಭಯವೂ ಇದೆ ಅನಿಸುತ್ತದೆ. ಊರಿಗೆ ಹೊಸಬರು ಅಂತ ಗೊತ್ತಾಗಿ ಬಾಯಿಗೆ ಬಂದ ರೇಟು ಹೇಳ್ತಿದ್ದಾರಾ ಅಂತ. ಎರಡೂ ಸರಿಯಾದ ಪ್ರಶ್ನೆಗಳೇ. ನಾನು ಕೊಡಗಿನ ಅಮ್ಮತ್ತಿ ಕಡೆಯವನು. ತೋಟದ ಮನೆಗಳಿಗೆ, ಹೋಂಸ್ಟೇಗಳಿಗೆ ನೀರು, ಕರೆಂಟು, ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡಿಸೋದು ನನ್ನ ಉದ್ಯೋಗ. ಈಚೆಗೆ ಮೋಟರ್‌ಹೋಮ್ ನಿಲ್ಲಿಸುವ ಜಾಗ ಮಾಡಿಕೊಡಿ ಅಂತ ಕೇಳುವವರೂ ಇದ್ದಾರೆ. ಹಾಗಾಗಿ ಆ 1,800 ರೂಪಾಯಿ ಎಲ್ಲಿ ಹೋಗುತ್ತದೆ ಅನ್ನೋದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಮೊದಲು ಕರೆಂಟಿನ ಲೆಕ್ಕ ಮುಗಿಸೋಣ. ಎಲ್ಲರೂ ಅಂದುಕೊಳ್ಳೋದು ಈ ದುಡ್ಡು ಕರೆಂಟಿಗೆ ಅಂತ. ಅಲ್ಲ. ನಿಮ್ಮ ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೂ ತುಂಬಿಸಲು ಎರಡೂವರೆಯಿಂದ ಮೂರು ಯೂನಿಟ್ ಸಾಕು. ಇಂಡಕ್ಷನ್ ಒಲೆ ಒಂದು ಗಂಟೆ ಉರಿಸಿದರೆ ಎರಡು ಯೂನಿಟ್. ಡಿಸೆಂಬರಿನಲ್ಲಿ ಇಲ್ಲಿ ರಾತ್ರಿ 15 ಡಿಗ್ರಿಗಿಂತ ಕೆಳಗೆ ಹೋಗೋದು ಮಾಮೂಲು, ಎ.ಸಿ. ಮುಟ್ಟೋದೇ ಇಲ್ಲ ನೀವು. ದಿನಕ್ಕೆ ಐದು ಯೂನಿಟ್ ಹಿಡಿಯಿರಿ, ಯೂನಿಟ್ಟಿಗೆ ಹತ್ತು ರೂಪಾಯಿ ಅಂತಲೇ ಇಟ್ಟುಕೊಳ್ಳಿ. ಐವತ್ತು ರೂಪಾಯಿ ಆಯಿತು. ಕರೆಂಟು ಕೊಡ್ತೀವಲ್ಲ ಅಂತ ಯಾರಾದರೂ ಸಾವಿರ ರೂಪಾಯಿ ಜಾಸ್ತಿ ಕೇಳಿದರೆ ಅದು ನ್ಯಾಯ ಅಲ್ಲ. ನೀರಿನದೂ ಡಿಸೆಂಬರಿನಲ್ಲಿ ಹಾಗೇ, ನೂರು ಲೀಟರ್ ನೀರು ಯಾರಿಗೂ ಭಾರ ಅಲ್ಲ.

ಹಾಗಾದರೆ ದುಡ್ಡು ಯಾತಕ್ಕೆ? ಕೊಡಗಿನಲ್ಲಿ ಮೂರು ವಸ್ತುಗಳಿಗೆ ಬೆಲೆ ಜಾಸ್ತಿ. ಸಮತಟ್ಟಾದ ಗಟ್ಟಿ ನೆಲ. ಅಲ್ಲಿಗೆ ಬರುವ ದಾರಿ. ಮತ್ತೆ, ನಿಮ್ಮ ಗಾಡಿಯಿಂದ ಹೊರಗೆ ಬರುವ ಕೊಳೆ ನೀರು ಹೋಗುವ ಜಾಗ.

ನೆಲದ ವಿಷಯ ನೋಡಿ. ತುಮಕೂರಿನಲ್ಲಿ ಒಂದು ಸೈಟು ಅಂದರೆ ಚಪ್ಪಟೆ ನೆಲ. ನಮ್ಮಲ್ಲಿ ಮನೆ ಕಟ್ಟಬೇಕಾದರೂ ಮೊದಲು ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಮಟ್ಟ ಮಾಡಬೇಕು. ಒಂದು ತೋಟದಲ್ಲಿ ಹುಟ್ಟಾ ಸಮತಟ್ಟಾದ ಗಟ್ಟಿ ನೆಲ ಅಂದರೆ ಬಹಳ ಸಲ ಒಂದೇ, ಕಾಫಿ ಒಣಗಿಸುವ ಕಣ. ಇಳಿಜಾರಿನಲ್ಲಿ ನಿಮ್ಮ ಗಾಡಿ ನಿಲ್ಲಿಸಿದರೆ, ಗ್ಯಾಸಿನ ಫ್ರಿಜ್ ಆದರೆ ಅದು ಸರಿಯಾಗಿ ಓಡಲ್ಲ, ಸ್ನಾನದ ನೀರು ಮೂಲೆಯಲ್ಲಿ ನಿಲ್ಲುತ್ತದೆ, ರಾತ್ರಿಯೆಲ್ಲ ತಲೆ ಕೆಳಗಾದ ಹಾಗೆ ಅನಿಸುತ್ತದೆ. ಅದಕ್ಕೆ ತೋಟದವರು ಬೇರೆ ಜಾಗ ಮಾಡಬೇಕು. ಏಳು ಮೀಟರ್ ಗಾಡಿ ಎರಡು ನಿಂತು, ತಿರುಗಿಸಿಕೊಂಡು ಹೋಗಬೇಕಾದರೆ ಐದು ಗುಂಟೆಯಾದರೂ ಬೇಕು. ಹತ್ತಡಿ ಅಂತರದಲ್ಲಿ ನೆಟ್ಟ ರೊಬಸ್ಟಾ ತೋಟ ಆದರೆ ಅಷ್ಟು ಜಾಗದಲ್ಲಿ ಐವತ್ತು ಗಿಡ ಇರುತ್ತದೆ. ಐವತ್ತು ಗಿಡ ಕಿತ್ತು, ಜೆಸಿಬಿ ತರಿಸಿ, ಬೋಲ್ಡರ್ ತುಂಬಿ, ಮೇಲೆ ಜಲ್ಲಿ ಹಾಕಿ, ನೀರು ಹರಿಯಲು ಚರಂಡಿ ತೆಗೆದ ಮೇಲೆ ಅದು ನಿಲ್ಲಿಸುವ ಜಾಗ ಆಗುತ್ತದೆ. ಗೇಟಿನಿಂದ ಅಲ್ಲಿಗೆ ಬರುವ ದಾರಿಗೂ ಇಷ್ಟೇ ಕೆಲಸ. ಪ್ರತಿ ಮಳೆಗಾಲ ಕಳೆದ ಮೇಲೆ ಮತ್ತೆ ಒಂದು ಸುತ್ತು.

ಇಷ್ಟು ಮಾಡಿದ ಮೇಲೆ ವರ್ಷಕ್ಕೆ ಎಷ್ಟು ರಾತ್ರಿ ತುಂಬುತ್ತದೆ? ಜೂನ್‌ನಿಂದ ಸೆಪ್ಟೆಂಬರ್ ಮಳೆ. ಉಳಿದ ಎಂಟು ತಿಂಗಳಲ್ಲಿ ವಾರಕ್ಕೆ ಎರಡು ರಾತ್ರಿ ಅಂದರೆ ಎಪ್ಪತ್ತು ರಾತ್ರಿ. ಅದೂ ಅದೃಷ್ಟ ಇದ್ದರೆ. ಒಂದು ಗಾಡಿಯ ಜಾಗದಿಂದ ವರ್ಷಕ್ಕೆ ಒಂದೂಕಾಲು ಲಕ್ಷ ಬರುತ್ತದೆ, ಅದರಲ್ಲಿ ಕಾವಲಿನವನ ಸಂಬಳ, ಬಾತ್‌ರೂಮ್ ತೊಳೆಯುವವರ ಕೂಲಿ ಹೋಗಬೇಕು. ನಿಮ್ಮ ಮಗ ಹೇಳಿದ 12 ಯೂರೋ ಸುಳ್ಳಲ್ಲ. ಜರ್ಮನಿಯಲ್ಲಿ ಸ್ಟೆಲ್‌ಪ್ಲಾಟ್ಸ್ ಅಂತಾರೆ, ಮೋಟರ್‌ಹೋಮ್‌ಗಳಿಗೆ ಅಂತಲೇ ಮಾಡಿದ ನಿಲುಗಡೆ ಜಾಗ. ಬಹಳ ಕಡೆ ಅಲ್ಲಿನ ಪುರಸಭೆಯೇ ಮಾಡಿರುತ್ತದೆ. ಒಂದೇ ಕಡೆ ಹತ್ತಿಪ್ಪತ್ತು ಗಾಡಿ ನಿಲ್ಲುತ್ತವೆ, ಖರ್ಚು ಹಂಚಿ ಹೋಗುತ್ತದೆ. ನೀರಿಗೆ ಬೇರೆ ನಾಣ್ಯ ಹಾಕಬೇಕು, ಕರೆಂಟಿಗೆ ಬೇರೆ, ಅಂತಹ ಕಡೆಗಳೂ ಬೇಕಾದಷ್ಟಿವೆ. ಯೂರೋವನ್ನು ರೂಪಾಯಿ ಮಾಡಿ ಅವನ್ನೆಲ್ಲ ಕೂಡಿಸಿ ನೋಡಿದರೆ ನಮ್ಮ ತೋಟದವರ ರೇಟಿಗೆ ತುಂಬಾ ದೂರ ಏನೂ ಇಲ್ಲ.

ಹೊರದೇಶದಲ್ಲಿ ಎಲ್ಲಿ ಬೇಕಾದರೂ ಪುಕ್ಕಟೆ ನಿಲ್ಲಿಸಬಹುದು ಅನ್ನೋ ಮಾತೂ ಓಡಾಡ್ತಾ ಇದೆ. ಅದು ಪೂರ್ತಿ ನಿಜ ಅಲ್ಲ. ಜರ್ಮನಿಯಲ್ಲಿ ಡ್ರೈವರ್ ದಣಿದಿದ್ದರೆ ರಸ್ತೆ ಪಕ್ಕದ ಪಾರ್ಕಿಂಗಿನಲ್ಲಿ ಒಂದು ರಾತ್ರಿ ಮಲಗಿ ಎದ್ದು ಹೋಗಬಹುದು, ಕುರ್ಚಿ ಟೇಬಲ್ ಹೊರಗೆ ಹಾಕಿ ಕೂರುವ ಹಾಗಿಲ್ಲ. ಸ್ಕಾಟ್ಲೆಂಡಿನಲ್ಲಿ ಬೇರೆಯವರ ಜಮೀನಿನಲ್ಲೂ ಬಹಳ ಕಡೆ ಓಡಾಡುವ, ಟೆಂಟ್ ಹಾಕುವ ಹಕ್ಕು 2003ರ ಕಾಯ್ದೆಯಿಂದ ಬಂದಿದೆ, ಆದರೆ ಮೋಟಾರು ವಾಹನಕ್ಕೆ ಅದು ಅನ್ವಯಿಸಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ಕೊಳೆ ನೀರು.

ನಿಮ್ಮ ಕ್ಯಾಸೆಟ್ ಟಾಯ್ಲೆಟ್‌ನ ಡಬ್ಬ ಹೆಚ್ಚು ಅಂದರೆ ಇಪ್ಪತ್ತು ಲೀಟರ್ ಹಿಡಿಯುತ್ತದೆ. ಇಬ್ಬರು ದೊಡ್ಡವರು, ಒಂದು ಮಗು. ಎರಡು ದಿನಕ್ಕೆ ತುಂಬುತ್ತದೆ. ಎಂಟು ರಾತ್ರಿಯಲ್ಲಿ ನಾಲ್ಕು ಸಲ ಎಲ್ಲಾದರೂ ಖಾಲಿ ಮಾಡಲೇಬೇಕು. ಪಾತ್ರೆ ತೊಳೆದ ನೀರು, ಬಚ್ಚಲು ನೀರು ಬೇರೆ. ಅದಕ್ಕೂ ಗಾಡಿಯ ಕೆಳಗೆ ಒಂದು ಟ್ಯಾಂಕ್ ಇರುತ್ತದೆ, ಅದೂ ಎರಡು ಮೂರು ದಿನಕ್ಕೆ ತುಂಬುತ್ತದೆ. ಪುಕ್ಕಟೆ ನಿಲ್ಲಿಸೋಣ ಅನ್ನುವವರು ಈ ಲೆಕ್ಕ ಹಾಕಿರೋದಿಲ್ಲ. ಮೂರನೇ ದಿನ ಅವರು ಏನು ಮಾಡ್ತಾರೆ ಅನ್ನೋದು ನನಗೆ ಗೊತ್ತು. ಕತ್ತಲಾದ ಮೇಲೆ ಯಾವುದಾದರೂ ತೋಡಿನ (ಚಿಕ್ಕ ಹಳ್ಳದ) ಪಕ್ಕ ಗಾಡಿ ನಿಲ್ಲಿಸಿ ವಾಲ್ವ್ ತೆರೆದುಬಿಡ್ತಾರೆ.

ಆ ತೋಡು ಎಲ್ಲಿಗೆ ಹೋಗುತ್ತದೆ ಯೋಚಿಸಿ. ಸುಂಟಿಕೊಪ್ಪದ ಕಡೆ ಆದರೆ ಹಾರಂಗಿಗೆ, ನಮ್ಮ ಕಡೆ ಆದರೆ ಸೀದಾ ಕಾವೇರಿಗೆ. ಅದಕ್ಕೂ ಮೊದಲು ಕೆಳಗಿನ ಗದ್ದೆಗೆ, ತೋಟದ ಆಳುಗಳಿರುವ ಲೈನ್ ಮನೆಗಳ ಪಕ್ಕದ ತೆರೆದ ಬಾವಿಗೆ. ಇಲ್ಲಿ ಬಹಳ ಮನೆಗಳಲ್ಲಿ ಇವತ್ತಿಗೂ ಕುಡಿಯುವ ನೀರು ಬಾವಿಯದೋ, ಮೇಲಿನ ಒರತೆಯಿಂದ ಪೈಪಿನಲ್ಲಿ ಬಂದದ್ದೋ. ಮಣ್ಣಿಗೆ ಬಿದ್ದದ್ದು ಇಳಿಜಾರಿನಲ್ಲಿ ಬೇಗ ಇಳಿಯುತ್ತದೆ. ಕೊಳೆ ನೀರಿನ ಇಂಗುಗುಂಡಿ ತೆಗೆಸುವಾಗ ಬಾವಿಯಿಂದ ಎಷ್ಟು ದೂರ, ಬಾವಿಗಿಂತ ಮೇಲಿದೆಯಾ ಕೆಳಗಿದೆಯಾ ಅಂತ ನಾನು ಹತ್ತು ಸಲ ನೋಡೋದು ಇದಕ್ಕೇ.

ನನ್ನ ಪರಿಚಯದ ಒಬ್ಬ ಬೆಳೆಗಾರರು ಮೊದಲ ಎರಡು ವರ್ಷ ಯಾರ ಹತ್ತಿರವೂ ದುಡ್ಡು ತಗೊಳ್ತಿರಲಿಲ್ಲ. ಬಂದವರು ನೆಂಟರಿದ್ದ ಹಾಗೆ, ಕಣದಲ್ಲಿ ನಿಲ್ಲಿಸಿಕೊಳ್ಳಲಿ ಅಂತಿದ್ದರು. ಬಂದ ಗಾಡಿಗಳೆಲ್ಲ ಟಾಯ್ಲೆಟ್ ಡಬ್ಬವನ್ನು ಅವರ ಮನೆಯ ಸೆಪ್ಟಿಕ್ ಟ್ಯಾಂಕಿಗೆ ಸುರಿದು ಹೋದವು. ಡಬ್ಬದಲ್ಲಿ ವಾಸನೆ ಬರದಿರಲಿ ಅಂತ ಹಾಕುವ ನೀಲಿ ದ್ರಾವಣ ಇದೆಯಲ್ಲ, ಅದರಲ್ಲಿ ಕೆಲವು ಫಾರ್ಮಾಲ್ಡಿಹೈಡ್ ಇರುವಂಥವು. ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡೋದು ಒಳಗಿನ ಬ್ಯಾಕ್ಟೀರಿಯಾದಿಂದ. ಅಪರೂಪಕ್ಕೆ ಒಂದು ಸಲ ಬಿದ್ದರೆ ಏನೂ ಆಗಲ್ಲ. ಚಿಕ್ಕ ಟ್ಯಾಂಕಿಗೆ ವಾರ ವಾರವೂ ಬಿದ್ದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಕೊಳೆ ಕರಗೋದಿಲ್ಲ, ಗಟ್ಟಿಯಾದದ್ದೆಲ್ಲ ಇಂಗುಗುಂಡಿಗೆ ನುಗ್ಗಿ ಕಟ್ಟಿಕೊಳ್ಳುತ್ತದೆ. ಅವರ ಮನೆ ಹಿಂದೆ ನಿಲ್ಲಲಾಗದಷ್ಟು ವಾಸನೆ. ನಾನೇ ಹೋಗಿ ಟ್ಯಾಂಕ್ ಖಾಲಿ ಮಾಡಿಸಿ, ಹೊಸ ಇಂಗುಗುಂಡಿ ತೆಗೆಸಿದೆ. ಗಾಡಿಗಳಿಗೆ ಅಂತ ಬೇರೆಯೇ ಟ್ಯಾಂಕ್ ಕಟ್ಟಿಸಿದೆವು. ಅವತ್ತಿನಿಂದ ಅವರು ದುಡ್ಡು ತಗೊಳ್ಳೋಕೆ ಶುರು ಮಾಡಿದರು. ದುಡ್ಡು ಕೇಳೋಕೆ ಅವರಿಗೆ ಇವತ್ತಿಗೂ ಸಂಕೋಚ. ಆದರೆ ಕೇಳದೆ ವಿಧಿ ಇಲ್ಲ.

ಹಾಗಾಗಿ ನನ್ನ ಅಳತೆಗೋಲು ಇದು. ರೇಟು ಕೇಳುವ ಮೊದಲು ಒಂದು ಪ್ರಶ್ನೆ ಕೇಳಿ. "ಟಾಯ್ಲೆಟ್ ಡಬ್ಬ ಎಲ್ಲಿ ಖಾಲಿ ಮಾಡಬೇಕು, ಬಚ್ಚಲು ನೀರು ಎಲ್ಲಿ ಬಿಡಬೇಕು?" ಸ್ಪಷ್ಟ ಉತ್ತರ ಬಂದರೆ, ಇಂಥ ಕಡೆ ಗುಂಡಿ ಇದೆ, ಮುಚ್ಚಳ ತೆಗೆದು ಸುರೀಬೇಕು, ತೊಳೆಯೋಕೆ ನಲ್ಲಿ ಇದೆ ಅಂತ ಹೇಳಿದರೆ, ಆ ಜಾಗಕ್ಕೆ 1,800 ಕೊಡಬಹುದು. "ಅದೇನು, ತೋಟದಲ್ಲಿ ಎಲ್ಲಾದರೂ ಚೆಲ್ಲಿ" ಅಂದರೆ ಅದು ಬರೀ ಪಾರ್ಕಿಂಗ್. ನಾನಾದರೆ 500ಕ್ಕಿಂತ ಜಾಸ್ತಿ ಕೊಡಲ್ಲ. ಚೆಲ್ಲೋದಂತೂ ಇಲ್ಲ.

ಆ ಅಳತೆಯಲ್ಲಿ ನಿಮ್ಮ ಮೂರು ಜಾಗ ನೋಡೋಣ. ಕುಶಾಲನಗರದ 500 ರೂಪಾಯಿ ಲಾಡ್ಜ್ ಕೆಟ್ಟದ್ದೇನಲ್ಲ. ಕುಶಾಲನಗರ ಕೊಡಗಿನಲ್ಲೇ ಚಪ್ಪಟೆ ಊರು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ ಆದರೆ ಇಲ್ಲಿ ಅದರ ಅರ್ಧವೂ ಇಲ್ಲ, ನೆಲ ಗಟ್ಟಿ. ಅಂಗಡಿ, ಪೆಟ್ರೋಲ್ ಬಂಕ್, ಆಸ್ಪತ್ರೆ ಎಲ್ಲ ಕೈಗೆ ಸಿಗುತ್ತದೆ. ಆದರೆ ಅದು ರಾತ್ರಿ ಕಳೆಯುವ ಜಾಗ, ರಜೆ ಕಳೆಯುವ ಜಾಗ ಅಲ್ಲ. ಬೆಳಿಗ್ಗೆ ಐದಕ್ಕೆ ಪಕ್ಕದ ಬಸ್ಸು ಸ್ಟಾರ್ಟ್ ಆಗುತ್ತದೆ. ಲಾಡ್ಜಿನ ಟಾಯ್ಲೆಟ್‌ನಲ್ಲಿ ಡಬ್ಬ ಸುರಿಯಬಹುದಾ ಅಂತ ಮೊದಲೇ ಕೇಳಿ, ಕೇಳದೆ ಸುರಿದರೆ ಜಗಳ.

ರೆಸಾರ್ಟಿನ 3,500ರಲ್ಲಿ ಮೂವರ ತಿಂಡಿ ಇದೆ, ಬಹುಶಃ ಈಜುಕೊಳವೂ ಇದೆ. ಮೊಮ್ಮಗನಿಗೆ ಈಜೋಕೆ ಇಷ್ಟ ಇದ್ದರೆ ಒಂದು ರಾತ್ರಿಗೆ ದುಬಾರಿ ಅಲ್ಲ. ದೊಡ್ಡ ರೆಸಾರ್ಟ್‌ಗಳಲ್ಲಿ ಕೊಳೆ ನೀರು ಶುದ್ಧ ಮಾಡುವ ಘಟಕವೇ ಇರುತ್ತದೆ, ಆ ಲೆಕ್ಕದಲ್ಲಿ ಅದು ಒಳ್ಳೆಯದೇ. ಅಲ್ಲೂ ನೀಲಿ ದ್ರಾವಣ ಬೇಡ ಅಂತಾರೆ, ಒಳಗಿರೋದು ಅದೇ ಬ್ಯಾಕ್ಟೀರಿಯಾ. ಸಾಮಾನ್ಯವಾಗಿ ಗಾಡಿ ನಿಲ್ಲಿಸಲು ಹೇಳೋದು ಮಾತ್ರ ಕಾರ್ ಪಾರ್ಕಿಂಗಿನಲ್ಲೇ. ಫೋಟೋದಲ್ಲಿ ಕಂಡ ಬೆಟ್ಟ ಕಿಟಕಿಯಿಂದ ಕಾಣೋದಿಲ್ಲ. ರೇಟು ಜಾಸ್ತಿ ಇದ್ದರೆ ಜಾಗ ಚೆನ್ನಾಗಿರುತ್ತದೆ ಅಂತ ನಂಬೋದು ಬೇಡ. ಗಾಡಿ ನಿಲ್ಲುವ ಆ ಜಾಗದ ಫೋಟೋನೇ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ.

ಸುಂಟಿಕೊಪ್ಪದ ತೋಟದವರಿಗೆ ಇನ್ನೊಂದು ಸಲ ಫೋನ್ ಮಾಡಿ. ಮೇಲಿನ ಪ್ರಶ್ನೆ ಕೇಳಿ. ಜೊತೆಗೆ ಸಾಕೆಟ್ 16 ಆಂಪಿಯರ್‌ದಾ, ಅರ್ತಿಂಗ್ ಸರಿ ಇದೆಯಾ ಕೇಳಿ. ಕಬ್ಬಿಣದ ಗಾಡಿಯೊಳಗೆ ಮಲಗುವವರು ನೀವು. ಇಬ್ಬನಿ ಬಿದ್ದ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮೊಮ್ಮಗ ಬಾಗಿಲು ಮುಟ್ಟಿದರೆ, ಅರ್ತ್ ಇಲ್ಲದ ಲೈನಿನಲ್ಲಿ ಶಾಕ್ ಹೊಡೆಯಬಹುದು. ಗಾಡಿಯೊಳಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್ಚು) ಇದೆಯಾ ಅಂತ ನಿಮ್ಮ ಊರಿನ ಎಲೆಕ್ಟ್ರಿಷಿಯನ್ ಹತ್ತಿರ ತೋರಿಸಿಕೊಂಡು ಬನ್ನಿ. ಎರಡೂವರೆ ಸ್ಕ್ವೇರ್ ಎಂ.ಎಂ.ನ ಮೂರು ತಂತಿಯ ವೈರು 25 ಮೀಟರ್ ಇಟ್ಟುಕೊಳ್ಳಿ. ಬಳಸುವಾಗ ಸುರುಳಿ ಪೂರ್ತಿ ಬಿಚ್ಚಿ. ಸುತ್ತಿದ ಹಾಗೇ ಇಂಡಕ್ಷನ್ ಹಾಕಿದರೆ ವೈರು ಬಿಸಿಯಾಗಿ ಕರಗಿದ್ದನ್ನು ನೋಡಿದ್ದೇನೆ. ತೋಟಗಳಲ್ಲಿ ವೋಲ್ಟೇಜ್ ಕಡಿಮೆ ಇರೋದೂ ಉಂಟು. ಆವಾಗ ಇಂಡಕ್ಷನ್ ಬಿಟ್ಟು ಗ್ಯಾಸ್ ಬಳಸಿ.

ಸೋಲಾರ್ ಇದೆಯಲ್ಲ, ಕರೆಂಟು ಯಾಕೆ ಅಂತ ಕೇಳಬಹುದು. ಬಯಲಲ್ಲಿ ಆದರೆ ಡಿಸೆಂಬರ್ ಬಿಸಿಲಿಗೆ 400 ವ್ಯಾಟ್‌ನಿಂದ ದಿನಕ್ಕೆ ಒಂದೂವರೆ ಯೂನಿಟ್ ಸಿಗುತ್ತದೆ. ಫ್ರಿಜ್ಜು, ಲೈಟು, ಫೋನಿಗೆ ಸಾಕು. ಆದರೆ ಕಾಫಿ ತೋಟ ಅಂದರೆ ನೆರಳಿನ ತೋಟ. ಸಿಲ್ವರ್ ಓಕ್, ಹಲಸು, ಅತ್ತಿ ಮರದ ಕೆಳಗೆ ನಿಲ್ಲಿಸಿದರೆ ಪ್ಯಾನೆಲ್ ಮೇಲೆ ಬಿಸಿಲಿನ ಚೂರುಗಳು ಮಾತ್ರ ಬೀಳುತ್ತವೆ. ಒಂದು ಮೂಲೆ ನೆರಳಾದರೂ ಇಡೀ ಪ್ಯಾನೆಲ್‌ನ ಉತ್ಪತ್ತಿ ಕುಸಿಯುತ್ತದೆ. ಬೆಳಿಗ್ಗೆ ಮಂಜು ಕರಗೋದೇ ಒಂಬತ್ತಕ್ಕೆ. ಸೋಲಾರ್ ನಂಬಿ ಎರಡು ರಾತ್ರಿ ಕಳೆಯಬಹುದು, ಎಂಟು ರಾತ್ರಿ ಆಗಲ್ಲ.

ಈಗ ಯಜಮಾನರ ಮಾತಿಗೆ ಬರ್ತೀನಿ. ಮಾಂದಲಪಟ್ಟಿ ದಾರಿಯಲ್ಲಿ ಪುಕ್ಕಟೆ ನಿಲ್ಲಿಸುವ ಯೋಚನೆ ದಯವಿಟ್ಟು ಬಿಟ್ಟುಬಿಡಿ. ಮೇಲಿನ ಭಾಗಕ್ಕೆ ಜೀಪು ಮಾತ್ರ ಹತ್ತೋದು, ನಿಮ್ಮ ಗಾಡಿ ಹತ್ತಲ್ಲ. ಆ ಕಡೆ ಅರಣ್ಯ ಇಲಾಖೆಯ ಜಾಗ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಮೂರೂ ವನ್ಯಜೀವಿ ಧಾಮಗಳು, ಜಿಲ್ಲೆಯ ಇನ್ನೊಂದು ಕಡೆ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಅವುಗಳ ಒಳಗೆ ರಾತ್ರಿ ಉಳಿಯೋದು ಅಪರಾಧ. ಉಳಿದ ಜಾಗ ಬಹುತೇಕ ಯಾರದಾದರೂ ತೋಟ. ರಸ್ತೆ ಪಕ್ಕ ಖಾಲಿ ಕಂಡದ್ದು ಯಾರದೋ ಗೇಟಿನ ಬಾಯಿ, ಬೆಳಿಗ್ಗೆ ಆರಕ್ಕೆ ಆಳುಗಳ ಜೀಪು ಬರುತ್ತದೆ.

ಆನೆಯ ಮಾತೂ ಹೇಳಲೇಬೇಕು. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಕಾಡಾನೆ ಬರೋದು ಸುದ್ದಿಯೇ ಅಲ್ಲ, ದಿನಚರಿ. ನಮ್ಮ ತೋಟದಲ್ಲೇ ಸಂಜೆ ಆರರ ಮೇಲೆ ನಾವು ನಡೆದು ಹೋಗಲ್ಲ. ಪುತ್ತರಿ, ಅಂದರೆ ನಮ್ಮ ಸುಗ್ಗಿ ಹಬ್ಬದ ಹೊತ್ತಿಗೆ ಗದ್ದೆಯಲ್ಲಿ ಭತ್ತ ಬಲಿತಿರುತ್ತದೆ, ಅದರ ವಾಸನೆಗೆ ಬರುತ್ತವೆ. ನಿಮ್ಮ ಗಾಡಿಯಲ್ಲಿ ಬಾಳೆಹಣ್ಣು, ಅಕ್ಕಿ, ಬೆಲ್ಲ, ಉಪ್ಪು ಎಲ್ಲ ಇರುತ್ತದೆ. ನಾಲ್ಕು ಟನ್ನಿನ ಗಾಡಿ ಅಂತ ಧೈರ್ಯ ಬೇಡ, ಆನೆಗೆ ಅದು ತಗಡಿನ ಡಬ್ಬ. ತೋಟದಲ್ಲಿ ಉಳಿದರೆ ಸೋಲಾರ್ ಬೇಲಿ, ಕಂದಕ, ಕಾವಲಿನವನು ಇರ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಇವತ್ತು ಆನೆ ಯಾವ ಕಡೆ ಇದೆ ಅಂತ ಅಲ್ಲಿನ ರೈಟರಿಗೆ (ತೋಟದ ಮೇಲ್ವಿಚಾರಕರಿಗೆ) ಗೊತ್ತಿರುತ್ತದೆ. ನೀವು ಕೊಡುವ ದುಡ್ಡಿನಲ್ಲಿ ಆ ತಿಳಿವಳಿಕೆಯೂ ಸೇರಿದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣೋದಿಲ್ಲ. 2024ರ ಡಿಸೆಂಬರ್‌ನಲ್ಲಿ ಪಕ್ಕದ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಒಂದು ಕ್ಯಾರವಾನ್‌ನೊಳಗೆ ಇಬ್ಬರು ಸತ್ತುಹೋದರು. ಜನರೇಟರ್‌ನಿಂದ ಬಂದ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಿಕೊಂಡಿತ್ತು. ಅದಕ್ಕೆ ವಾಸನೆ ಇಲ್ಲ, ಹೊಗೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಪುಕ್ಕಟೆ ನಿಲ್ಲಿಸಿದವರು ಬ್ಯಾಟರಿ ಮುಗಿದಾಗ ಇಂಜಿನ್ನೋ ಜನರೇಟರೋ ಓಡಿಸಿ ಮಲಗ್ತಾರೆ. ಇಲ್ಲಿನ ಚಳಿಗೆ ಕ್ಯಾಂಪ್‌ಫೈರ್‌ನ ಕೆಂಡವನ್ನು ಬಾಣಲೆಯಲ್ಲಿ ಹಾಕಿ ಒಳಗೆ ಇಟ್ಟುಕೊಳ್ಳುವವರನ್ನೂ ನೋಡಿದ್ದೇನೆ. ಎರಡೂ ಯಾವತ್ತೂ ಮಾಡಬೇಡಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ತಂದು ಮಲಗುವ ಜಾಗದ ಹತ್ತಿರ ಹಾಕಿಸಿ. ಒಂದು ರಾತ್ರಿಯ ಬಾಡಿಗೆಯಷ್ಟೋ, ಸ್ವಲ್ಪ ಜಾಸ್ತಿಯೋ ಆಗುತ್ತದೆ. ಮೊಮ್ಮಗ ಬರ್ತಿದ್ದಾನೆ ಅಂದಮೇಲೆ ಇದರಲ್ಲಿ ಉಳಿತಾಯ ನೋಡಬಾರದು.

ಹಾಗಂತ ಕೇಳಿದಷ್ಟು ಕೊಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ಕಡಿಮೆ ಮಾಡುವ ದಾರಿ ಇದೆ. ನಾಲ್ಕು ರಾತ್ರಿ ತೋಟದಲ್ಲಿ, ನಾಲ್ಕು ರಾತ್ರಿ ಲಾಡ್ಜಿನಲ್ಲಿ ಅಂತ ದಿನ ಬಿಟ್ಟು ದಿನ ಬದಲಾಯಿಸಿದರೆ 14,400ರ ಬದಲು 9,200 ಆಗುತ್ತದೆ. ಕಾಗದದ ಮೇಲೆ 5,200 ಉಳಿಯಿತು. ಆದರೆ ಈ ಗುಡ್ಡದಲ್ಲಿ ನಿಮ್ಮ ಗಾಡಿ ಲೀಟರಿಗೆ ಏಳೆಂಟು ಕಿಲೋಮೀಟರ್ ಕೊಟ್ಟರೆ ಹೆಚ್ಚು. ಪ್ರತಿ ಸಲ ಬಿಚ್ಚಿ ಕಟ್ಟಿ, ಡೀಸೆಲ್ ಸುಟ್ಟು, ತಿರುವುಗಳಲ್ಲಿ ಬಸ್ಸಿಗೆ ದಾರಿ ಬಿಟ್ಟುಕೊಂಡು ಓಡಾಡಿದರೆ ರಜೆ ಅದರಲ್ಲೇ ಮುಗಿಯುತ್ತದೆ.

ಅದಕ್ಕಿಂತ ಒಂದೇ ಕಡೆ ನಾಲ್ಕೈದು ರಾತ್ರಿ ನಿಂತು ರೇಟು ಮಾತಾಡಿ. ತೋಟದವರಿಗೆ ಒಂದು ರಾತ್ರಿಯ ಅತಿಥಿಗಿಂತ ಐದು ರಾತ್ರಿಯವರು ಇಷ್ಟ. ಹೊಸ ಗಾಡಿ ಬಂದಾಗಲೆಲ್ಲ ಗೇಟು ತೆರೆದು, ತಿರುಗಿಸಿ ನಿಲ್ಲಿಸಿ, ಎಲ್ಲ ತೋರಿಸುವ ಕೆಲಸ ಅವರಿಗೂ ಉಳಿಯುತ್ತದೆ. ವಾರದ ನಡುವಿನ ದಿನ ಆದರೆ 1,300, 1,400ಕ್ಕೆ ಒಪ್ಪುತ್ತಾರೆ ಅನ್ನೋದು ನನ್ನ ಅನುಭವ. ಊಟ ಅವರ ಮನೆಯಲ್ಲೇ ಹೇಳಿದರೆ ಇನ್ನೂ ಸಲೀಸು. ಕಡಂಬುಟ್ಟು, ನೂಪುಟ್ಟು ಅಂತ ನಮ್ಮ ಕೊಡಗಿನ ಅಕ್ಕಿ ತಿಂಡಿಗಳನ್ನು ಮೊಮ್ಮಗನಿಗೂ ತಿನ್ನಿಸಿದ ಹಾಗಾಗುತ್ತದೆ. ಸುಂಟಿಕೊಪ್ಪ ಮಡಿಕೇರಿಗೂ ಕುಶಾಲನಗರಕ್ಕೂ ಮಧ್ಯ ಇದೆ. ಗಾಡಿ ಅಲ್ಲೇ ಬಿಟ್ಟು ಮಡಿಕೇರಿಗೆ ಬಸ್ಸಿನಲ್ಲಿ ಹೋಗಿ. ಮಾಂದಲಪಟ್ಟಿಗೆ ಬಾಡಿಗೆ ಜೀಪು ಸಿಗುತ್ತದೆ. ಭಾಗಮಂಡಲ, ತಲಕಾವೇರಿಗೆ ಬಸ್ಸೂ ಉಂಟು, ಒಂದು ದಿನಕ್ಕೆ ಕಾರು ಮಾಡಿಕೊಂಡರೂ ಆಯಿತು.

ಒಟ್ಟು ರೇಟು ಮೊದಲೇ ಕೇಳಿಕೊಳ್ಳಿ. ಗಾಡಿಗಾ ತಲೆಗಾ, ಕ್ಯಾಂಪ್‌ಫೈರ್ ಸೌದೆ ಬೇರೆಯಾ, ಬಿಸಿನೀರು ಬೇರೆಯಾ ಅಂತ. ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದರೆ ನೋಂದಣಿ ಸಂಖ್ಯೆ ಇದೆಯಾ ನೋಡಿ. ವರ್ಷದ ವಹಿವಾಟು 20 ಲಕ್ಷ ದಾಟದ ಚಿಕ್ಕ ಹೋಂಸ್ಟೇಗಳಿಗೆ ನೋಂದಣಿ ಕಡ್ಡಾಯ ಅಲ್ಲ, ನೋಂದಣಿ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವ ಹಾಗೂ ಇಲ್ಲ. ಗುರುತಿನ ಚೀಟಿ ಕೇಳಿದರೆ ಬೇಸರ ಬೇಡ. ಕ್ರಮವಾಗಿ ನಡೆಸುವವರು ಅತಿಥಿಗಳ ದಾಖಲೆ ಇಟ್ಟುಕೊಳ್ಳಲೇಬೇಕು.

ಕಡೆಗೆ ನಿಮ್ಮ ತಾರೀಖಿನ ವಿಷಯ. ಡಿಸೆಂಬರ್ ಕೊನೆಯ ವಾರ ಕೊಡಗಿಗೆ ಬರೋದು ನಿಮ್ಮ ದುಡ್ಡಿಗೂ ಒಳ್ಳೆಯದಲ್ಲ, ತೋಟದವರಿಗೂ ಕಷ್ಟ. ಹೊಸ ವರ್ಷಕ್ಕೆ ಅಂತ ಎಲ್ಲ ರೇಟೂ ಏರುತ್ತದೆ, ಮಡಿಕೇರಿ ರಸ್ತೆಯಲ್ಲಿ ಗಾಡಿ ಅಲ್ಲಾಡೋದಿಲ್ಲ. ಅದೇ ಹೊತ್ತಿಗೆ ಅರೇಬಿಕಾ ಕೊಯ್ಲು ನಡೀತಿರುತ್ತದೆ, ರೊಬಸ್ಟಾ ಶುರುವಾಗುತ್ತದೆ. ಕಣದ ತುಂಬ ಕಾಫಿ ಹರಡಿರುತ್ತದೆ. ಕಣದಲ್ಲಿ ನಿಲ್ಲಿಸಿ ಅಂತ ಅಕ್ಟೋಬರಿನಲ್ಲಿ ಹೇಳಿದವರು ಡಿಸೆಂಬರಿನಲ್ಲಿ ಗದ್ದೆ ಬದಿ ತೋರಿಸ್ತಾರೆ, ಗದ್ದೆಯ ಹತ್ತಿರ ನೆಲ ಇನ್ನೂ ಮೆತ್ತಗೇ ಇರುತ್ತದೆ. ಮಳೆಗಾಲದಲ್ಲಿ ಬಂದರೆ ಅರ್ಧ ರೇಟಿಗೆ ಸಿಗುತ್ತದೆ ಅಂತ ಯಾರಾದರೂ ಹೇಳಬಹುದು. ಸಿಗುತ್ತದೆ. ಆದರೆ ಕೆಂಪು ಮಣ್ಣಿನಲ್ಲಿ ಚಕ್ರ ಹೂತರೆ ಟ್ರ್ಯಾಕ್ಟರ್ ತರಿಸಿ ಎಳೆಸುವ ಖರ್ಚಿನಲ್ಲಿ ಆ ಉಳಿತಾಯ ಹೋಗುತ್ತದೆ. ಬರೆ ಕುಸಿಯುವ ಭಯವೂ ಇದೆ, 2018ರ ಆಗಸ್ಟ್ ನಾವು ಯಾರೂ ಮರೆತಿಲ್ಲ. ಮಾರ್ಚ್ ಏಪ್ರಿಲ್‌ನಲ್ಲಿ ಬಾವಿ ನೀರು ಇಳಿದಿರುತ್ತದೆ, ಆವಾಗ ನಿಮ್ಮ ನೂರು ಲೀಟರ್‌ಗೂ ಬೆಲೆ ಬರುತ್ತದೆ.

ಮೊಮ್ಮಗನ ಶಾಲೆ ಒಪ್ಪಿದರೆ ಸಂಕ್ರಾಂತಿಯ ಆಸುಪಾಸು ಒಂದು ಸೋಮವಾರ ಬನ್ನಿ. ಸುಂಟಿಕೊಪ್ಪದ ತೋಟದಲ್ಲಿ ಐದು ರಾತ್ರಿ, ಬೇಕಾದರೆ ರೆಸಾರ್ಟಿನಲ್ಲಿ ಒಂದು, ಊರಿಗೆ ಹೊರಡುವ ಹಿಂದಿನ ರಾತ್ರಿ ಕುಶಾಲನಗರದ ಲಾಡ್ಜ್. ಆಗಲೂ ರೊಬಸ್ಟಾ ಕೊಯ್ಲು ಇರುತ್ತದೆ, ಹಾಗಾಗಿ ಡಿಸೆಂಬರಿಗೇ ಬಂದರೂ ಸಂಕ್ರಾಂತಿಗೆ ಬಂದರೂ ಗಾಡಿ ನಿಲ್ಲುವ ಜಾಗದಲ್ಲಿ ಕಾಫಿ ಹರಡಿರುತ್ತದಾ ಅಂತ ಕೇಳದೆ ಅಡ್ವಾನ್ಸ್ ಕಳಿಸಬೇಡಿ. ನೀಲಿ ದ್ರಾವಣದ ಬದಲು ಎಂಜೈಮ್ ಇರುವ ದ್ರಾವಣ ತಗೊಂಡು ಬನ್ನಿ. ಹೊರಡುವ ಮೊದಲು ಎ.ಸಿ. ಡಬ್ಬ ಸೇರಿಸಿ ಗಾಡಿಯ ಎತ್ತರ ಅಳೆದು ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಪಕ್ಕ ಅಂಟಿಸಿ, ತೋಟದವರಿಗೂ ಫೋನಿನಲ್ಲಿ ಹೇಳಿ. ಗೇಟಿನ ಹತ್ತಿರ ತಗ್ಗಿದ ಕೊಂಬೆ ಇದ್ದರೆ ನೀವು ಬರುವ ಮೊದಲೇ ಅವರು ಕಡಿಸಿ ಇಟ್ಟಿರ್ತಾರೆ.